ಢಾಲು ಹಿಡಿದವಳು

ಇಪ್ಪತ್ತೊಂದು ವರ್ಷ ನಾನು ಮಾಡಿದ್ದು ಸಾಯುವ ಕೆಲಸ. ದಿನಕ್ಕೆ ನಲವತ್ತು ಐವತ್ತು ಸಲ ಸತ್ತು, ಸಂಜೆ ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಅಣ್ಣಿಗೇರಿಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಬೆಂಕಿ ಉಗುಳುವ ಹಾವಿನಿಂದ ಸತ್ತಿದ್ದೇನೆ, ಸೇತುವೆಯಿಂದ ಬಿದ್ದು ಸತ್ತಿದ್ದೇನೆ, ಒಮ್ಮೆ ಕೋಳಿ ಕುಕ್ಕಿ ಸತ್ತಿದ್ದೇನೆ. ಕೋಳಿಯ ವಿಷಯವನ್ನು ಬಗ್ ಅಂತ ಬರೆದುಕೊಟ್ಟೆ, ಸರಿಪಡಿಸಿದರು. ವಿಡಿಯೋ ಗೇಮುಗಳ ಕಾದಾಟವನ್ನು ಪರೀಕ್ಷೆ ಮಾಡುವುದು ನನ್ನ ಉದ್ಯೋಗವಾಗಿತ್ತು. ಹೋದ ವರ್ಷ ನಿವೃತ್ತಳಾದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗ, ದಿನವಿಡೀ ಆಟ ಆಡಿದರೆ ಪಗಾರ ಕೊಡುತ್ತಾರಂತೆ, ಹೌದೇ ಎಂದು ಕೇಳುತ್ತಾರೆ. ಕೊಡುತ್ತಾರೆ. ಆದರೆ ಆಟಕ್ಕಲ್ಲ; ಒಂದೇ ಬಾಗಿಲನ್ನು ಮುನ್ನೂರು ಸಲ ತೆರೆದು, ಮುನ್ನೂರ ಒಂದನೇ ಸಲ ಅದು ತೆರೆಯದೇ ಹೋದೀತೇ ಎಂದು ಅನುಮಾನ ಪಡುವುದಕ್ಕೆ. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬೇರೆ, ಅದನ್ನು ಬರೆಯುತ್ತೇನೆ.

ಮೊದಲು ನನಗೆ ಅಣ್ಣಿಗೇರಿಯಲ್ಲಿ ಒಂದು ಟೈಪಿಂಗ್ ಕ್ಲಾಸಿತ್ತು. ಒಂಬತ್ತು ಮಷಿನ್ನು, ಎರಡು ಬೆಂಚು. ಕಂಪ್ಯೂಟರ್ ಬಂದಮೇಲೆ ಮಷಿನ್ನುಗಳ ಮೇಲೆ ಧೂಳು ಕೂತಿತು. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ದೇಸಾಯಿ ಸರ್ ಎನ್ನುವವರು ಪೈಪಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕಚೇರಿ ತೆರೆದು, ಹೊರದೇಶದವರು ತಯಾರಿಸಿದ ಗೇಮುಗಳನ್ನು ಬಿಡುಗಡೆಗೆ ಮುಂಚೆ ಪರೀಕ್ಷಿಸಿ ಕೊಡುವ ಕೆಲಸ ಹಿಡಿದಿದ್ದರು. ಅವರಿಗೆ ಕೈ ನೋಡದೆ ಬೆರಳಾಡಿಸುವವರು ಬೇಕಾಗಿತ್ತು. ಪರದೆ ಕೆಂಪಾದ ಕೂಡಲೇ ಬಟನ್ ಒತ್ತಬೇಕು, ಅಷ್ಟೇ ಸಂದರ್ಶನ. ಮೂವತ್ತಾರು ವರ್ಷದ ನಾನು ಅಲ್ಲಿದ್ದ ಕಾಲೇಜು ಹುಡುಗರನ್ನೆಲ್ಲ ಹಿಂದೆ ಹಾಕಿದೆ. ಮನೆಯಲ್ಲಿ ನನ್ನ ಗಂಡ ಏನೂ ಅನ್ನಲಿಲ್ಲ. ಅತ್ತೆ ಮಾತ್ರ ಓಣಿಯಲ್ಲೆಲ್ಲ ಸುದ್ದಿ ಹಬ್ಬಿಸಿದರು.

“ನಮ್ಮ ಸೊಸಿ ದಿನಾ ಹುಬ್ಬಳ್ಳಿಗೆ ರಾಕ್ಷಸರನ್ನ ಹೊಡ್ಯಾಕ ಹೋಗ್ತಾಳ್ರಿ.”

ಅವರ ದನಿಯಲ್ಲಿ ಹೆಮ್ಮೆ ಇತ್ತೋ ಚೇಷ್ಟೆ ಇತ್ತೋ, ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ನನ್ನ ಪಾಲಿಗೆ ಬಂದ ಮೊದಲ ಆಟದಲ್ಲಿ ಒಬ್ಬ ಖಡ್ಗವೀರ ಕಳೆದುಹೋದ ರಾಜ್ಯವನ್ನು ಹುಡುಕುತ್ತ ಹೋಗುತ್ತಾನೆ. ಪರದೆಯ ಮೂಲೆಯಲ್ಲಿ ಎರಡು ಪಟ್ಟಿ. ಕೆಂಪು ಪಟ್ಟಿ ಅವನ ಜೀವ, ಹಸಿರು ಪಟ್ಟಿ ಅವನ ದಮ್ಮು. ಏಟು ಬಿದ್ದರೆ ಜೀವ ಇಳಿಯುತ್ತದೆ. ಖಡ್ಗ ಬೀಸಿದರೆ, ಓಡಿದರೆ ದಮ್ಮು ಇಳಿಯುತ್ತದೆ. ದಮ್ಮು ಮುಗಿದಾಗ ಕೈ ಎತ್ತಲಾಗುವುದಿಲ್ಲ, ಆಗ ರಾಕ್ಷಸ ಬಂದು ಕೆಲಸ ಮುಗಿಸುತ್ತಾನೆ. ಈ ಎರಡು ಪಟ್ಟಿಗಳ ನಡುವಿನ ಲೆಕ್ಕಾಚಾರವೇ ಕಾದಾಟ. ಉಳಿದದ್ದೆಲ್ಲ ಬಣ್ಣ.

ಮೊದಲ ವಾರವೇ ನಾನು ನಗೆಪಾಟಲಿಗೀಡಾದೆ. ‘ನಾಯಕನು ಮೂರು ದಿನಗಳಿಂದ ಊಟ ಮಾಡದೆ ಕಾದಾಡುತ್ತಿದ್ದಾನೆ. ಇದು ದೋಷ’ ಎಂದು ಬರೆದುಕೊಟ್ಟೆ. ದೇಸಾಯಿ ಸರ್ ಅದನ್ನು ಇಡೀ ಕಚೇರಿಗೆ ಓದಿ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ತಲೆ ತಗ್ಗಿಸಿ ಕೂತೆ. ಆದರೆ ಅವರು ಆ ಚೀಟಿಯನ್ನು ಹರಿದು ಹಾಕಲಿಲ್ಲ, ಉಳಿದವುಗಳ ಜೊತೆ ಹೊರದೇಶಕ್ಕೆ ಕಳಿಸಿದರು. ಆಟದ ಮುಂದಿನ ಭಾಗ ಬಂದಾಗ ನಾಯಕನ ಚೀಲದಲ್ಲಿ ಬ್ರೆಡ್ಡಿತ್ತು.

ದೇಸಾಯಿ ಸರ್ ಸಿಡುಕು ಮನುಷ್ಯ. ಬೈದ ಮೇಲೆ ತಮ್ಮ ಡಬ್ಬಿಯ ಶೇಂಗಾ ಹೋಳಿಗೆಯನ್ನು ಬೈಸಿಕೊಂಡವರ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಅವರದು ಒಂದೇ ಪಾಠ, ದಿನಕ್ಕೆ ಹತ್ತು ಸಲ.

“ನೋಡಿದ್ದು, ಅನಿಸಿದ್ದು ಎಲ್ಲಾ ಬರೀರಿ. ಬರೀಲಿಲ್ಲಂದ್ರ ಅದು ಆಗೇ ಇಲ್ಲ.”

ಗದೆಯ ಪ್ರಕರಣವನ್ನೂ ಹೇಳಬೇಕು. ಒಂದು ಆಟದಲ್ಲಿ ಗದೆ ಹಿಡಿದ ದೈತ್ಯನೊಬ್ಬ ಚಾಕು ಬೀಸಿದಷ್ಟು ಸರಾಗವಾಗಿ ಗದೆ ಬೀಸುತ್ತಿದ್ದ. ಹುಡುಗರು ಯಾರಿಗೂ ಅದು ತಪ್ಪು ಅನಿಸಲಿಲ್ಲ. ನಾನು ಚಿಕ್ಕಂದಿನಲ್ಲಿ ಅವ್ವನ ಜೊತೆ ಒನಕೆ ಹಿಡಿದವಳು. ಮೇಲೆ ಹೋದ ಒನಕೆ ಕೆಳಗೆ ಬರುವ ಮೊದಲು ಒಂದು ಕ್ಷಣ ನಿಲ್ಲುತ್ತದೆ, ಆಗ ಭಾರವೆಲ್ಲ ಹೆಗಲಿಗೆ ಬರುತ್ತದೆ. ಅದನ್ನೇ ಬರೆದೆ. ಆಟ ತಯಾರಿಸಿದವರು ಒನಕೆ ಅಂದರೇನು ಎಂದು ಕೇಳಿ ಪತ್ರ ಬರೆದರು. ದೇಸಾಯಿ ಸರ್ ನನ್ನನ್ನು ಅಂಗಳಕ್ಕೆ ಕರೆದೊಯ್ದು, ಪೈಪಿನ ಅಂಗಡಿಯಿಂದ ಒಂದು ಕಬ್ಬಿಣದ ಪೈಪು ತರಿಸಿ, ನಾನು ಕುಟ್ಟುವುದನ್ನು ವಿಡಿಯೋ ಮಾಡಿಸಿ ಕಳಿಸಿದರು. ಆಮೇಲೆ ಆ ದೈತ್ಯನ ಗದೆ ಮೇಲೆ ಹೋಗಿ ಒಂದು ಕ್ಷಣ ನಿಲ್ಲತೊಡಗಿತು. ಆ ಕ್ಷಣದಲ್ಲೇ ಆಟಗಾರ ತಪ್ಪಿಸಿಕೊಳ್ಳಬೇಕು. ಸೀರೆಯ ಸೆರಗು ಸಿಕ್ಕಿಸಿಕೊಂಡ ಅಣ್ಣಿಗೇರಿಯ ಹೆಂಗಸಿನ ಕೈ ಅದು ಅಂತ ಆಡುವವರಿಗೆ ಎಲ್ಲಿ ಗೊತ್ತಾಗಬೇಕು.

ಇನ್ನು ಹಸೀನಾಳ ವಿಷಯ. ಇಷ್ಟು ಹೊತ್ತು ಸುತ್ತು ಹಾಕಿ ಬಂದದ್ದೇ ಅವಳ ಬಗ್ಗೆ ಬರೆಯಲು ಧೈರ್ಯ ಸಾಲದೆ.

ಹಸೀನಾ ನನ್ನ ಟೈಪಿಂಗ್ ಕ್ಲಾಸಿನ ಹುಡುಗಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಣ್ಣಿಗೇರಿಯಲ್ಲೇ ಹುಟ್ಟಿ ಬೆಳೆದವಳನ್ನು ನವಲಗುಂದಕ್ಕೆ, ಜಮಖಾನೆ ನೇಯುವ ಮನೆಗೆ ಕೊಟ್ಟಿದ್ದರು. ಅವರ ಮನೆಯಲ್ಲಿ ಮಗ್ಗಕ್ಕೆ ಕೂರುವವರು ಹೆಂಗಸರು, ಒಂದೇ ಹಲಗೆಯ ಮೇಲೆ ಪಕ್ಕಪಕ್ಕ ಇಬ್ಬರು. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುತ್ತಾಳೆಂದು ಅವಳಿಗೆ ನೇಯ್ಗೆ ಕಲಿಸುವುದಿಲ್ಲ, ಮನೆಗೆ ಬಂದ ಸೊಸೆಗೆ ಕಲಿಸುತ್ತಾರೆ. ಹೊರಗಿನವರನ್ನಂತೂ ಆ ಹಲಗೆಯ ಮೇಲೆ ಕೂರಿಸುವ ಪದ್ಧತಿಯೇ ಇಲ್ಲ. ಹಸೀನಾ ಅತ್ತೆಯ ಪಕ್ಕದಲ್ಲಿ ಕೂತು ಕಲಿತಳು. ಹೆಣೆದ ದಾರವನ್ನು ಪಂಜಾ ಎನ್ನುವ ಹಲ್ಲಿನ ಕಬ್ಬಿಣದಿಂದ ಬಡಿದು ಕೂರಿಸಬೇಕು. ಇಬ್ಬರ ಪಂಜಾ ಒಟ್ಟಿಗೆ ಬೀಳದಿದ್ದರೆ ಸಾಲು ಒಂದು ಕಡೆ ಏರುತ್ತದೆ. ಅದಕ್ಕೆ ಅತ್ತೆ ಸಣ್ಣಗೆ ‘ಹೂಂ’ ಅನ್ನುತ್ತಿದ್ದಳಂತೆ. ಅಷ್ಟೇ ಸೂಚನೆ.

ನೇಯ್ಗೆಯೊಂದರಿಂದ ಮನೆ ನಡೆಯುವುದು ಕಷ್ಟವಾದಾಗ ಅವಳು ನನ್ನನ್ನು ಹುಡುಕಿಕೊಂಡು ಬಂದಳು, ನಾನು ದೇಸಾಯಿ ಸರ್ ಬಳಿ ಕರೆದೊಯ್ದೆ. ಅವಳು ನವಲಗುಂದದಿಂದ ಬಸ್ಸಿನಲ್ಲಿ, ನಾನು ಅಣ್ಣಿಗೇರಿಯಿಂದ ರೈಲಿನಲ್ಲಿ. ಆಗ ಇಬ್ಬರು ಕೂಡಿ ಆಡುವ ಗೇಮುಗಳು ಬರತೊಡಗಿದ್ದವು. ಒಬ್ಬರು ಖಡ್ಗ, ಒಬ್ಬರು ಗುರಾಣಿ. ಖಡ್ಗ ನನಗೆ ಬಂತು. ಗುರಾಣಿ, ನಮ್ಮ ಮಾತಿನಲ್ಲಿ ಢಾಲು, ಹಸೀನಾಳಿಗೆ ಬಂತು. ಎಂಟು ವರ್ಷ ಒಂದೇ ಪರದೆಯ ಮುಂದೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತೆವು. ಮಾತು ಬಹಳ ಬೇಕಿರಲಿಲ್ಲ. ರಾಕ್ಷಸನ ಏಟನ್ನು ಅವಳು ಢಾಲಿನ ಮೇಲೆ ತಡೆದು ‘ಹೂಂ’ ಅನ್ನುತ್ತಿದ್ದಳು, ನಾನು ಬಲಗೈ ಹೆಬ್ಬೆರಳಿನಿಂದ ಬಟನ್ ಒತ್ತಿ ಹೊಡೆಯುತ್ತಿದ್ದೆ.

ರಂಜಾನ್ ತಿಂಗಳಲ್ಲಿ ಅವಳೆದುರು ಡಬ್ಬಿ ಬಿಚ್ಚಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವಳೇ ಬಿಚ್ಚಿ ಮುಂದಿಡುತ್ತಿದ್ದಳು.

“ತಿನ್ನರಿ ಅಕ್ಕಾರ. ನೀವು ಹಸಕೊಂಡು ಕುಂತ್ರ ಅಲ್ಲಿ ಸಾಯಾಕಿ ನಾನ.”

ಕಲ್ಲುದೈತ್ಯ ಬಂದದ್ದು ನಾವು ಜೊತೆಗೆ ಕೂತ ಎಂಟನೇ ವರ್ಷ. ಬೆಟ್ಟದ ಬಾಗಿಲು ಕಾಯುವ ದೈತ್ಯ ಅವನು. ಮೈಯೆಲ್ಲ ಕಲ್ಲು, ಎಲ್ಲಿ ಹೊಡೆದರೂ ಖಡ್ಗ ಜಾರುತ್ತದೆ. ಅವನು ಮುಷ್ಟಿಯಿಂದ ಢಾಲನ್ನು ಒತ್ತುತ್ತಾನೆ, ಢಾಲು ಹಿಡಿದವರ ದಮ್ಮು ಇಳಿಯುತ್ತ ಹೋಗುತ್ತದೆ. ದಮ್ಮು ಮುಗಿಯುವ ಮೊದಲು ಢಾಲನ್ನು ತಟ್ಟನೆ ಬಿಟ್ಟುಬಿಟ್ಟರೆ ದೈತ್ಯ ಮುಗ್ಗರಿಸಿ, ಅವನ ಎದೆಯ ಬಿರುಕು ತೆರೆಯುತ್ತದೆ. ಖಡ್ಗದವನ ಏಟು ಆಗಲೇ ಬೀಳಬೇಕು. ಬೇಗ ಬಿದ್ದರೆ ಖಡ್ಗ ಢಾಲಿಗೆ ತಾಗುತ್ತದೆ, ತಡವಾದರೆ ಇಬ್ಬರೂ ಜಜ್ಜಿಹೋಗುತ್ತಾರೆ. ಒಂದು ಸೆಕೆಂಡನ್ನು ಅರವತ್ತು ಚೂರು ಮಾಡಿದರೆ ಅದರಲ್ಲಿ ನಾಲ್ಕು ಚೂರಿನಷ್ಟು ಸಮಯ.

ನಾವು ಮೂರನೇ ಪ್ರಯತ್ನಕ್ಕೇ ಗೆದ್ದೆವು. ದೈತ್ಯ ಕುಸಿದಾಗ ನಾನು ಎದ್ದು ನಿಂತಿದ್ದೆ. ಆಮೇಲೆ ಹತ್ತು ಸಲ ಆಡಿ ಒಂಬತ್ತು ಸಲ ಗೆದ್ದೆವು. ಅಷ್ಟು ಖುಷಿ ಆ ಕೆಲಸದಲ್ಲಿ ನನಗೆ ಮತ್ತೆ ಸಿಗಲಿಲ್ಲ. ವರದಿ ಬರೆಯಲು ಕೂತಾಗ ಹಸೀನಾ ನನ್ನನ್ನು ತಡೆದಳು.

“ಅಕ್ಕಾರ, ಇದು ಬ್ಯಾರೇದವರಿಗೆ ಆಗೂದಿಲ್ಲೇನೊ ಅನಸ್ತದ್ರಿ.”

“ನಮಗಾತಲ್ಲ ಬೇ, ಅವರಿಗೂ ಆಗ್ತದ,” ಅಂದೆ ನಾನು. ಹಿರಿಯ ಪರೀಕ್ಷಕಿ ನಾನೇ, ಸಹಿಯೂ ನನ್ನದೇ. ‘ಕಷ್ಟವಿದೆ, ಆದರೆ ನ್ಯಾಯವಾಗಿದೆ’ ಎಂದು ಬರೆದೆ. ಅವಳು ಹೇಳಿದ್ದನ್ನು ಬರೆಯಲಿಲ್ಲ.

ಆಟ ಬಿಡುಗಡೆಯಾಯಿತು. ಕೊಂಡವರು ಒಬ್ಬೊಬ್ಬರು ಒಂದೊಂದು ಊರಿನ ತಮ್ಮ ತಮ್ಮ ಮನೆಯಲ್ಲಿ ಕೂತು, ಇಂಟರ್‌ನೆಟ್ಟಿನಲ್ಲಿ ಜೋಡಿಯಾಗಿ ಆಡುವ ಆಟ ಅದು. ಹದಿನೈದು ದಿನ ಕಳೆದರೂ ಯಾವ ಜೋಡಿಯೂ ಕಲ್ಲುದೈತ್ಯನನ್ನು ಬೀಳಿಸಲಿಲ್ಲ. ಬೆಟ್ಟದ ಬಾಗಿಲಿನಿಂದ ಮುಂದಿನ ಕಥೆಯನ್ನು ಯಾರೂ ನೋಡಲಿಲ್ಲ. ದೂರುಗಳ ಮಳೆ. ಇದು ಸರಿಯಾಗಿದೆ ಎಂದವರು ಯಾರು ಎಂದು ಹೊರದೇಶದ ಕಂಪನಿ ಕೇಳಿತು.

ದೇಸಾಯಿ ಸರ್ ನಮ್ಮಿಬ್ಬರನ್ನು ಕೂರಿಸಿ ಆಡಿಸಿದರು. ಅವರೆದುರು ಮೊದಲ ಸಲಕ್ಕೇ ಗೆದ್ದೆವು. ಆಮೇಲೆ ಕಚೇರಿಯ ಉಳಿದವರನ್ನೆಲ್ಲ ಜೋಡಿ ಜೋಡಿಯಾಗಿ ಕೂರಿಸಿದರು. ಸಂಜೆಯವರೆಗೆ ಒಂದು ಜೋಡಿಗೂ ಆಗಲಿಲ್ಲ. ಆಗ ನಮಗೆ ಅರ್ಥವಾಯಿತು. ನಾವು ಪರೀಕ್ಷೆ ಮಾಡಿದ್ದು ಆಟವನ್ನಲ್ಲ, ಎಂಟು ವರ್ಷ ಒಟ್ಟಿಗೆ ಕೂತ ಅಭ್ಯಾಸವನ್ನು. ಕಂಪನಿಯವರು ಕೆಲಸವನ್ನೇ ಹಿಂದಕ್ಕೆ ತೆಗೆದುಕೊಳ್ಳುವ ಮಾತಾಡಿದ್ದರು. ಆಡುವಾಗ ಏಟಿನ ಸಮಯ ನಿರ್ಧರಿಸುತ್ತಿದ್ದವರು ಯಾರು, ಲಿಖಿತವಾಗಿ ಕೊಡಿ ಎಂದು ದೇಸಾಯಿ ಸರ್ ನನ್ನನ್ನು ಕೇಳಿದರು.

ನಾನು ಬರೆದೆ: ‘ಸಮಯ ಹೇಳುವವಳು ಹಸೀನಾ. ಅವಳ ಸೂಚನೆಗೆ ನಾನು ಹೊಡೆಯುತ್ತೇನೆ, ಅಷ್ಟೇ.’

ಅದರಲ್ಲಿ ಸುಳ್ಳಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ಅದನ್ನು ಓದಿದವರು ತಪ್ಪು ಹಸೀನಾಳದೇ ಎಂದು ಓದುತ್ತಾರೆ ಅನ್ನುವುದು ಬರೆಯುವಾಗಲೇ ನನಗೆ ಗೊತ್ತಿತ್ತು. ಹೆದರಿದ್ದೆ. ನನ್ನ ಹೆದರಿಕೆಯ ಮುಂದೆ ಅವಳನ್ನು ನಿಲ್ಲಿಸಿದೆ. ಆಟದಲ್ಲಿ ಎಂಟು ವರ್ಷ ಮಾಡಿದ್ದೂ ಅದನ್ನೇ.

ಹಸೀನಾಳನ್ನು ಕಾದಾಟದ ವಿಭಾಗದಿಂದ ತೆಗೆದು, ಹಿಂದಿನ ಕೋಣೆಯಲ್ಲಿ ಪಾತ್ರಗಳ ಮಾತಿನ ಕಾಗುಣಿತ ನೋಡುವ ಕೆಲಸಕ್ಕೆ ಹಾಕಿದರು. ನನ್ನ ಕಾಗದ ಅವಳ ಕೈಗೂ ಹೋಗಿತ್ತು. ಆದರೂ ಅವಳು ಎದುರು ಸಿಕ್ಕಾಗ ಎಂದಿನಂತೆ ಅಕ್ಕಾರ ಅನ್ನುತ್ತಿದ್ದಳು, ನಾನು ಗಡಿಬಿಡಿ ಇರುವವಳ ಹಾಗೆ ಮುಂದೆ ಹೋಗುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಅವಳು ಬರುವುದನ್ನು ಬಿಟ್ಟಳು. ಅತ್ತೆಯ ಜೊತೆ ಮತ್ತೆ ಮಗ್ಗಕ್ಕೆ ಕೂತಳಂತೆ ಎಂದು ಯಾರೋ ಹೇಳಿದರು.

ಆಟ ತಯಾರಿಸಿದವರು ಆ ನಾಲ್ಕು ಚೂರನ್ನು ಹದಿನಾಲ್ಕು ಮಾಡಿ ಕಲ್ಲುದೈತ್ಯನನ್ನು ಸುಲಭಗೊಳಿಸಿದರು. ಸರಿಪಡಿಸಿದ್ದನ್ನು ಪರೀಕ್ಷಿಸಲು ನನ್ನ ಪಕ್ಕದಲ್ಲಿ ಹೊಸಬರನ್ನು ಕೂರಿಸಿದರು. ಗೆದ್ದೆವು. ದೈತ್ಯ ಅದೇ ರೀತಿ ಕುಸಿದ, ಅದೇ ಸಂಗೀತ ಬಂತು. ನಾನು ಎದ್ದು ನಿಲ್ಲಲಿಲ್ಲ.

ಆಮೇಲೆ ಇನ್ನೂ ಹತ್ತು ವರ್ಷ ದುಡಿದೆ. ಕೆಲಸದ ರೀತಿ ಬದಲಾಯಿತು. ಚೀಟಿ ಹೋಗಿ ಪರದೆಯ ಮೇಲಿನ ಫಾರಂ ಬಂತು. ಆಮೇಲೆ ತಾನೇ ಆಡುವ ಪ್ರೋಗ್ರಾಮು ಬಂತು; ನಾವು ಊಟ ಮಾಡಿ ಬರುವಷ್ಟರಲ್ಲಿ ಅದು ಸಾವಿರ ಸಲ ಕಾದಾಡಿ, ಯಾವ ಏಟು ಎಷ್ಟು ಜನರಿಗೆ ಸಾಧ್ಯ ಎಂದು ಲೆಕ್ಕ ಕೊಡುತ್ತದೆ. ಹಳಬರು ಅದನ್ನು ಬೈಯುತ್ತಾರೆ, ನಾನು ಬೈಯುವುದಿಲ್ಲ. ಅವತ್ತು ಅದು ಇದ್ದಿದ್ದರೆ ಹಸೀನಾಳಿಗೆ ಕೆಟ್ಟ ಹೆಸರು ಬರುತ್ತಿರಲಿಲ್ಲ. ಆದರೂ ಹೇಳುತ್ತೇನೆ, ಆ ಹತ್ತು ವರ್ಷ ನನಗೆ ಅವಳು ಬೇಕಾಗಿದ್ದಳು. ಕೆಲಸಕ್ಕಲ್ಲ, ಪಕ್ಕದಲ್ಲಿ ಇರುವುದಕ್ಕೆ. ರೈಲಿನಲ್ಲಿ ಯಾರಾದರೂ ಫೋನಿಗೆ ಕಿವಿ ಕೊಟ್ಟು ಹೂಂ, ಹೂಂ ಅನ್ನುತ್ತಿದ್ದರೆ ನನ್ನ ಬಲಗೈ ಹೆಬ್ಬೆರಳು ತಾನಾಗಿ ಅಲುಗುತ್ತಿತ್ತು. ಅಣ್ಣಿಗೇರಿಯಿಂದ ನವಲಗುಂದಕ್ಕೆ ದಿನಕ್ಕೆ ಎಷ್ಟೋ ಬಸ್ಸು. ಒಂದನ್ನೂ ಹತ್ತಲಿಲ್ಲ.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಹಣ್ಣು ಕೊಟ್ಟರು. ಅಷ್ಟು ಹೊತ್ತಿಗೆ ದೇಸಾಯಿ ಸರ್ ಕೂಡ ನಿವೃತ್ತರಾಗಿದ್ದರು, ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಅವರ ಬಳಿ ಹೋಗಿ ಹೇಳಿದೆ. ಕಲ್ಲುದೈತ್ಯ ಬೇರೆಯವರಿಗೆ ಆಗುವುದಿಲ್ಲ ಎಂದು ಹಸೀನಾ ಅವತ್ತೇ ಹೇಳಿದ್ದಳು, ನಾನು ಬರೆಯಲಿಲ್ಲ, ಆಮೇಲೆ ಅವಳ ಮೇಲೇ ಹೊರಿಸಿದೆ ಎಂದೆ. ಅವರು ಕೋಲಿನ ತುದಿಯಿಂದ ನೆಲ ಕುಟ್ಟಿದರು.

“ಇದನ್ನ ನನಗ್ಯಾಕ ಹೇಳ್ತೀರಿ? ನಾ ಏನ್ ಮಾಡ್ಲಿ ಈಗ? ನವಲಗುಂದಕ್ಕ ಹೋಗ್ರಿ.”

ಹೋಳಿಗೆಯ ಡಬ್ಬಿ ಅವರ ಕೈಯಲ್ಲಿರಲಿಲ್ಲ. ಬೈಗುಳ ಮಾತ್ರ ಹಳೆಯದೇ.

ಮುಂದಿನ ವಾರ ಬೆಳಗಿನ ಬಸ್ಸು ಹತ್ತಿದೆ. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ನವಲಗುಂದದಲ್ಲಿ ಇಳಿದು ಅವಳ ಓಣಿ ಕೇಳಿಕೊಂಡು ಹೋದೆ. ಮನೆ ಯಾವುದು ಎಂದು ಕೇಳಬೇಕಾಗಲಿಲ್ಲ, ಪಂಜಾದ ಸದ್ದು ಬರುತ್ತಿತ್ತು. ಒಂದೇ ಪಂಜಾದ ಸದ್ದು. ಒಂದು ಬಡಿತ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ ಸರಿದು ಇನ್ನೊಂದು ಬಡಿತ. ಅವಳ ಅತ್ತೆ ತೀರಿಹೋಗಿ ಮೂರು ವರ್ಷವಾಗಿತ್ತಂತೆ, ಅದು ಆಮೇಲೆ ಗೊತ್ತಾಯಿತು. ಹಸೀನಾ ಉದ್ದ ಹಲಗೆಯ ಮೇಲೆ ಒಬ್ಬಳೇ ಕೂತು, ಎರಡೂ ಬದಿಯ ಕೆಲಸವನ್ನು ತಾನೇ ಸರಿದು ಸರಿದು ಮಾಡುತ್ತಿದ್ದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದೇಳಲಿಲ್ಲ.

“ಬರ್ರಿ ಅಕ್ಕಾರ. ಸಾಲು ಅರ್ಧಕ್ಕ ನಿಂತದ, ಮುಗಿಸಿ ಚಾ ಮಾಡ್ತೀನಿ.”

ಚಹಾ ಕುಡಿಯುವಾಗ ನಾನು ಎಲ್ಲ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಹಿಂದುಮುಂದಾದವು. ನೀನು ಹೇಳಿದ್ದೆ, ನಾನು ಬರೆಯಲಿಲ್ಲ. ಸಮಯದ ತಪ್ಪು ನಿನ್ನದು ಅನ್ನುವ ಹಾಗೆ ಬರೆದೆ. ನನ್ನನ್ನು ಕ್ಷಮಿಸು ಎಂದೆ. ಅವಳು ಬಸಿಯನ್ನು ಕೆಳಗಿಟ್ಟಳು.

“ನೀವು ಬರದದ್ದು ಖರೇನ ಇತ್ರಿ ಅಕ್ಕಾರ. ಟೈಮ್ ನಂದ ಇತ್ತು,” ಅಂದಳು. “ನನ್ನ ಹೂಂ ಕೇಳಿ ನೀವು ಹೊಡೀತೀನಿ ಅನ್ಕೊಂಡಿದ್ರಿ. ನೀವು ಯಾವಾಗ್ಲೂ ಸ್ವಲ್ಪ ತಡ ಮಾಡ್ತಿದ್ರಿ. ನಾ ಹೂಂ ಅಂದು, ನಿಮ್ಮ ಹೆಬ್ಬೆರಳು ನೋಡಕೋತ ಕುಂಡ್ರತಿದ್ದೆ. ಅದು ಅಲುಗಿದ ಮ್ಯಾಲ ಢಾಲು ಬಿಡ್ತಿದ್ದೆ. ಅದಕ್ಕ ಹೇಳಿದ್ದೆ, ಬ್ಯಾರೇದವರಿಗೆ ಆಗೂದಿಲ್ಲ ಅಂತ. ಅವರು ಒಬ್ರೊಬ್ರು ಒಂದೊಂದು ಊರಾಗ ಇರ್ತಾರ. ಹೆಬ್ಬೆರಳು ಹ್ಯಾಂಗ ಕಾಣಬೇಕ್ರಿ?”

ಎಂಟು ವರ್ಷ ನಾನು ನನ್ನ ಕೈಚಳಕ ಅಂದುಕೊಂಡದ್ದು ಅದು. ಸಂದರ್ಶನದಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದ ಬೆರಳು ಅಂತ ನನಗೆ ಹೆಮ್ಮೆ. ಯಾಕೆ ಅವತ್ತೇ ಇದನ್ನು ಹೇಳಲಿಲ್ಲ ಎಂದು ಕೇಳಿದೆ.

“ನೀವು ಗೆದ್ದಾಗ ಎದ್ದು ನಿಲ್ತಿದ್ರಿ,” ಅಂದಳು. ಇನ್ನೊಂದು ಮಾತೂ ಹೇಳಿದಳು. “ಕಾಗದದ್ದು ಸಿಟ್ಟಿಲ್ಲ ಅಕ್ಕಾರ. ಆದ್ರ ಹತ್ತ ವರ್ಷ ನೀವು ಬರಲಿಲ್ಲ, ಅದು ಭಾಳ ತಡ ಆತು.”

ಚಹಾ ಆರಿಹೋಗಿತ್ತು, ಕುಡಿದು ಮುಗಿಸಿದೆ.

ಈ ಕೆಲಸಕ್ಕೆ ಬರುವವರಿಗೆ ನಾನು ಕೊಡಬಹುದಾದ ಬುದ್ಧಿಮಾತು ಇಷ್ಟೇ. ಸೋತಾಗ ಎಲ್ಲರೂ ಬರೆಯುತ್ತಾರೆ. ಗೆದ್ದಾಗಲೂ ಬರೆಯಿರಿ, ಪಕ್ಕದಲ್ಲಿ ಯಾರು ಕೂತಿದ್ದರು, ಅವರು ಏನು ಹೇಳಿದರು ಅನ್ನುವುದನ್ನು ಬರೆಯಿರಿ. ನಾನು ಅವತ್ತು ಬಿಟ್ಟ ವರದಿ ಇದು. ದೇಸಾಯಿ ಸರ್ ಹೇಳಿದ ಹಾಗೆ ಈಗಾದರೂ ಅದು ಆದಂತಾಗಲಿ.

ನವಲಗುಂದದಲ್ಲಿ ಆ ದಿನ ಚಹಾ ಮುಗಿಸಿ ನಾನು ಹೊರಡಲೆಂದು ಎದ್ದೆ. ಹಸೀನಾ ಮಗ್ಗಕ್ಕೆ ಹೋಗಿ ಕೂತವಳು ಹಲಗೆಯ ಒಂದು ಬದಿಗೆ ಸರಿದಳು. ಆ ಮನೆಯ ಪದ್ಧತಿ ನನಗೆ ಗೊತ್ತಿತ್ತು, ಹಾಗಾಗಿ ನಿಂತೇ ಇದ್ದೆ. ಅವಳು ಅತ್ತೆಯ ಪಂಜಾವನ್ನು ಗೂಟದಿಂದ ತೆಗೆದು ನನ್ನ ಕಡೆ ಚಾಚಿದಳು. ಹಿಡಿಕೆ ಸವೆದು ನುಣ್ಣಗಾಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಕೂತೆ. ಮೊಣಕೈಗೆ ಮೊಣಕೈ ತಾಗಿತು. ಅವಳು ದಾರ ದಾಟಿಸಿ, ತನ್ನ ಪಂಜಾ ಎತ್ತಿ, ‘ಹೂಂ’ ಅಂದಳು.

ನಾನು ತಡ ಮಾಡಿದೆ. ಅವಳು ಎತ್ತಿದ ಕೈಯನ್ನು ಹಾಗೇ ಹಿಡಿದು, ನನ್ನ ಹೆಬ್ಬೆರಳು ನೋಡುತ್ತ ಕಾದಳು.